ದೋಷವನ್ನು ಹುಡುಕುವ ಬಗೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೋಬಳಿಗಳಲ್ಲಿ ಕೊತ್ತಗೆರೆಯೂ ಒಂದು. ಹೆಸರಿನಲ್ಲಿಯೇ ಕೆರೆಯನ್ನು ಇರಿಸಿಕೊಂಡ ಇಂಥ ಊರುಗಳಲ್ಲಿ ನೀರುಗಂಟಿಯ ಕೆಲಸ ಹಿರಿಯರಿಗೆಲ್ಲ ತಿಳಿದದ್ದೇ. ಅಚ್ಚುಕಟ್ಟಿನ ಕಡೆಯ ಗದ್ದೆಗೆ ನೀರು ಬಾರದಿದ್ದರೆ ನೀರುಗಂಟಿಯು ಆ ಗದ್ದೆಯಲ್ಲಿ ನಿಂತು ಮಣ್ಣನ್ನು ಅಗೆಯುವುದಿಲ್ಲ. ಮೊದಲು ಏರಿಯ ಬಳಿಗೆ ಹೋಗಿ ತೂಬು ತೆರೆದಿದೆಯೇ ಎಂದು ನೋಡುತ್ತಾನೆ. ಅನಂತರ ಕಾಲುವೆಯ ಗುಂಟ ಇಳಿದು ಬರುತ್ತಾನೆ. ನೀರು ಎಲ್ಲಿಯವರೆಗೆ ಹರಿದಿದೆ, ಎಲ್ಲಿ ನಿಂತಿದೆ ಎಂಬುದು ತಿಳಿದೊಡನೆ ದೋಷದ ಸ್ಥಳವೂ ತಿಳಿಯುತ್ತದೆ.

ಈ ವಿವೇಕವು ಗಣಕಯಂತ್ರಗಳಿಗೂ ಸಲ್ಲುತ್ತದೆ. ಹಿಂದೆ ಪಹಣಿಯನ್ನು ಕೈಯಿಂದ ಬರೆಯುತ್ತಿದ್ದರು. 2000-01ರ ಸುಮಾರಿಗೆ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿತು. ಹೀಗೆ ಅನೇಕರು ಕೇಳಿದ್ದನ್ನು ಒಂದೆಡೆಯಿಂದ ಒದಗಿಸುವ ಗಣಕಕ್ಕೆ 'ಸರ್ವರ್' ಎಂದು ಹೆಸರು. 19 ಅಂಗುಲ ಅಗಲದ ಕಬ್ಬಿಣದ ಚೌಕಟ್ಟಿನಲ್ಲಿ, ಕಪಾಟಿನ ಸೆಳೆಖಾನೆಗಳಂತೆ, ಒಂದರ ಮೇಲೊಂದಾಗಿ ಕೂರುವ ಸರ್ವರ್‌ಗಳೇ ರ‍್ಯಾಕ್ ಸರ್ವರ್‌ಗಳು. ದೊಡ್ಡ ಕಚೇರಿಗಳು ಕೆಲವು ವರ್ಷಗಳಿಗೊಮ್ಮೆ ಇವನ್ನು ಬದಲಾಯಿಸುತ್ತವೆ. ಹಾಗೆ ಕೈಬಿಟ್ಟ ಯಂತ್ರವು ಒಂದು ಶಾಲೆಯ ಗ್ರಂಥಾಲಯಕ್ಕೆ ಇನ್ನೂ ಎಷ್ಟೋ ಕಾಲ ದುಡಿಯಬಲ್ಲದು.

ಅಂಥದೊಂದು ಹಳೆಯ ಸರ್ವರ್ ಕೊತ್ತಗೆರೆಯ ಶಾಲೆಯೊಂದಕ್ಕೆ ಬಂದಿತೆಂದು ಊಹಿಸಿಕೊಳ್ಳಬಹುದು. ಅದು ಕೆಲಸ ಮಾಡಬೇಕಾದರೆ ಅದರಲ್ಲಿ ಆಪರೇಟಿಂಗ್ ಸಿಸ್ಟಂ ನೆಲೆಗೊಳ್ಳಬೇಕು. ಯಂತ್ರದ ಅಂಗಾಂಗಗಳನ್ನು ನಡೆಸುವ ಮೂಲ ತಂತ್ರಾಂಶವೇ ಅದು. ಪೆನ್‌ಡ್ರೈವ್ ಸಿಕ್ಕಿಸಿ ವಿದ್ಯುತ್ತು ಕೊಟ್ಟುದಾಯಿತು, ಫ್ಯಾನುಗಳು ಭೋರ್ಗರೆದವು, ಆದರೆ ಕೆಲಸವು ನಡುವೆ ನಿಂತು, ಡಿಸ್ಕ್ ಕಾಣುತ್ತಿಲ್ಲವೆಂಬ ಸೂಚನೆ ಪರದೆಯ ಮೇಲೆ ಮೂಡಿತು. ಆತುರಗಾರನು ಒಂದೇ ಸಲಕ್ಕೆ ಐದಾರು ಬದಲಾವಣೆಗಳನ್ನು ಮಾಡುತ್ತಾನೆ. ಯಂತ್ರವು ನಡೆದರೂ ಯಾವುದರಿಂದ ನಡೆಯಿತೆಂದು ಅವನು ಅರಿಯನು. ನಡೆಯದಿದ್ದರೆ ಅದನ್ನು ಗುಜರಿಗೆ ಹಾಕುತ್ತಾನೆ.

ಬಲ್ಲವನು ತೂಬಿನಿಂದ ಹೊರಡುತ್ತಾನೆ. ವಿದ್ಯುತ್ತು ಸರಿಯಾಗಿ ಬರುತ್ತಿದೆಯೇ? ಯಂತ್ರವು ತನ್ನ ಸ್ವಪರೀಕ್ಷೆಯನ್ನು ಮುಗಿಸಿತೇ? ಹಳೆಯ ಸರ್ವರ್‌ಗಳಿಗೆ ಇದಕ್ಕೆ ಹಲವು ನಿಮಿಷಗಳೇ ಬೇಕು. ಕೆಟ್ಟಿತೆಂದು ಬಗೆದು ನಡುವೆ ಆರಿಸಬಾರದು. ದಿನಾಂಕವು ಹಿಂದಿನ ಯಾವುದೋ ವರ್ಷವನ್ನು ತೋರುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರಬಹುದು. ಪೆನ್‌ಡ್ರೈವಿನ ಪ್ರತಿ ಲೋಪವಿಲ್ಲದ್ದೇ? ಮೂಲದವರು ಕೊಟ್ಟ ಪರಿಶೀಲನಾ ಸಂಖ್ಯೆಯೊಡನೆ ಅದನ್ನು ಹೋಲಿಸಬೇಕು. ಯಂತ್ರವು ಹಳೆಯ ಬಯೋಸ್ ಕ್ರಮದಲ್ಲಿ ಎಚ್ಚರಗೊಳ್ಳುತ್ತಿದೆಯೋ, ಹೊಸ ಕ್ರಮದಲ್ಲಿಯೋ? ಪೆನ್‌ಡ್ರೈವನ್ನು ಅದೇ ಕ್ರಮಕ್ಕೆ ಸಿದ್ಧಪಡಿಸಿರಬೇಕು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿದ್ದರೆ ಕಟ್ಟೆ ಇರುವುದು ಮುಂದೆ, ಡಿಸ್ಕುಗಳ ಬಳಿ.

ಸರ್ವರಿನ ಡಿಸ್ಕುಗಳು ಬಹುಮಟ್ಟಿಗೆ 'ರೈಡ್' ನಿಯಂತ್ರಕವೊಂದರ ಅಧೀನದಲ್ಲಿರುತ್ತವೆ. ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ಈ ವಿಧಾನಕ್ಕೆ 1987ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ಆ ಹೆಸರಿತ್ತರು. ನಿಯಂತ್ರಕದೊಡನೆ ಮಾತನಾಡಲು ಆಪರೇಟಿಂಗ್ ಸಿಸ್ಟಂಗೆ 'ಡ್ರೈವರ್' ಎಂಬ ದುಭಾಷಿ ಬೇಕು. ಹೊಸ ಆವೃತ್ತಿಗಳು ಹಳೆಯ ದುಭಾಷಿಗಳನ್ನು ಕೈಬಿಡುವುದುಂಟು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಅನೇಕ ಹಳೆಯ ನಿಯಂತ್ರಕಗಳ ಬೆಂಬಲವನ್ನು ನಿಲ್ಲಿಸಿತು. ಆಗ ಡಿಸ್ಕೂ ಕೆಟ್ಟಿರುವುದಿಲ್ಲ, ತಂತ್ರಾಂಶವೂ ಕೆಟ್ಟಿರುವುದಿಲ್ಲ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು, ಅಷ್ಟೆ. ತಕ್ಕ ಡ್ರೈವರನ್ನು ಒದಗಿಸುವುದು ಅಥವಾ ಆ ನಿಯಂತ್ರಕವನ್ನು ಬಲ್ಲ, ಸುರಕ್ಷತೆಯ ತಿದ್ದುಪಡಿಗಳು ಇನ್ನೂ ದೊರೆಯುತ್ತಿರುವ ಬೇರೊಂದು ಆವೃತ್ತಿಯನ್ನು ಆರಿಸುವುದು ಇದಕ್ಕೆ ಪರಿಹಾರ.

ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಡಿಸ್ಕುಗಳನ್ನು ಹೊಸದಾಗಿ ಸಿದ್ಧಗೊಳಿಸಲೇ ಎಂದು ನಿಯಂತ್ರಕವು ಕೇಳುತ್ತದೆ. ಹೌದೆಂದು ಒತ್ತಿದರೆ ಹಳೆಯ ಮಾಹಿತಿಯೆಲ್ಲ ಅಳಿದುಹೋಗಬಹುದು. ಆ ಡಿಸ್ಕುಗಳಲ್ಲಿ ಯಾರದೋ ಅಂಕಪಟ್ಟಿ, ಯಾರದೋ ಜಮೀನಿನ ದಾಖಲೆ ಇದ್ದೀತು. ಆದುದರಿಂದ ಮೊದಲು ಕೇಳಬೇಕು. ಉಳಿಸಬೇಕಾದುದರ ಪ್ರತಿಯನ್ನು ಬೇರೆಡೆ ತೆಗೆದಿರಿಸಬೇಕು. ಆಮೇಲೆಯೇ ಗುಂಡಿಯನ್ನು ಒತ್ತಬೇಕು. ಯಂತ್ರವು ಕೆಟ್ಟರೆ ಇನ್ನೊಂದನ್ನು ತರಬಹುದು. ಪ್ರತಿಯಿಲ್ಲದೆ ಅಳಿದ ದಾಖಲೆಯನ್ನು ಯಾವ ಅಂಗಡಿಯಿಂದಲೂ ತರಲಾಗದು.

ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡುವುದು, ಫಲವನ್ನು ಪುಸ್ತಕದಲ್ಲಿ ಬರೆದಿಡುವುದು, ಯಂತ್ರವು ತೋರಿದ ಸೂಚನೆಯನ್ನು ಪೂರ್ತಿ ಓದುವುದು, ತನ್ನಿಂದ ತಪ್ಪಾದರೆ ಒಪ್ಪಿಕೊಳ್ಳುವುದು - ಇವೇ ದೋಷಶೋಧಕನ ಮುಖ್ಯ ಉಪಕರಣಗಳು. ಕಾಲುವೆಯ ಗುಂಟ ತಾಳ್ಮೆಯಿಂದ ನಡೆದವನಿಗೆ ನೀರು ನಿಂತ ಎಡೆ ಕಂಡೇ ಕಾಣುತ್ತದೆ.

ಅರ್ಥಕೋಶ

ನೀರುಗಂಟಿ - ಕೆರೆಯ ನೀರನ್ನು ಗದ್ದೆಗಳಿಗೆ ಹಾಯಿಸುವವನು
ಅಚ್ಚುಕಟ್ಟು - ಕೆರೆಯ ನೀರಿನಿಂದ ಸಾಗುವಳಿಯಾಗುವ ಭೂಮಿ
ದುಭಾಷಿ - ಎರಡು ಭಾಷೆಗಳನ್ನು ಬಲ್ಲ ಮಧ್ಯವರ್ತಿ

ಅಭ್ಯಾಸ

1. ನೀರುಗಂಟಿಗೂ ದೋಷಶೋಧಕನಿಗೂ ಇರುವ ಸಾಮ್ಯವೇನು?
2. ಡಿಸ್ಕು ಕೆಡದಿದ್ದರೂ ಕಾಣದಿರಲು ಕಾರಣವೇನು?
3. 'ಮೊದಲು ಕೇಳಬೇಕು' ಎಂಬ ಮಾತಿನ ಔಚಿತ್ಯವನ್ನು ವಿವರಿಸಿರಿ.