ರೈಟ್ ಕ್ಲಿಕ್ ಮಾಡಿದರೆ ಸಹಾಯ: ನಿಮ್ಮ ತಂತ್ರಾಂಶಕ್ಕೂ ಸೇರಿಸಿ

ಊರಿನ ಹಾಲಿನ ಡೇರಿಗೋ ಕಿರಾಣಿ ಅಂಗಡಿಗೋ ತಂತ್ರಾಂಶ ಬರೆದುಕೊಟ್ಟವರಿಗೆ ಇದು ಗೊತ್ತಿರುತ್ತದೆ. ಆಮೇಲೆ ಬರುವ ಫೋನುಗಳಲ್ಲಿ ಬಹುಪಾಲು ದೋಷದ ಬಗ್ಗೆ ಅಲ್ಲ, ‘ಸಾರ್, ಈ ಚೌಕದಲ್ಲಿ ಏನು ಹಾಕಬೇಕು?’ ಎಂಬ ಬಗೆಯವು. ಕೈಪಿಡಿ ಕಳಿಸಿದರೆ ಅದನ್ನು ತೆರೆದು ನೋಡುವ ಪುರುಸೊತ್ತು ಯಾರಿಗಿದೆ? ಅನುಮಾನ ಬಂದ ಜಾಗದಲ್ಲೇ ಉತ್ತರ ಸಿಗಬೇಕು. ವಿಂಡೋಸ್ 95ರಲ್ಲಿ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ವಾಟ್ಸ್ ದಿಸ್?’ ಎಂಬ ಆಯ್ಕೆ ಬರುತ್ತಿದ್ದುದು ಇದಕ್ಕೇ. ವಿಷುವಲ್ ಸ್ಟುಡಿಯೊದ ವಿಂಡೋಸ್ ಫಾರ್ಮ್ಸ್‌ನಲ್ಲಿ ಅದನ್ನು ಕನ್ನಡದಲ್ಲೇ ಮಾಡಿಕೊಳ್ಳಬಹುದು. ಉದಾಹರಣೆಗೆ ಡೇರಿಯ ಹಾಲು ದಾಖಲಿಸುವ ಪರದೆಯನ್ನೇ ಇಟ್ಟುಕೊಳ್ಳೋಣ: ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ), ಕೆಳಗೆ ‘ಉಳಿಸಿ’ ಗುಂಡಿ.

ಮೊದಲು ಬರೆಯಬೇಕಾದ್ದು ಕೋಡ್ ಅಲ್ಲ, ವಾಕ್ಯ. ಫ್ಯಾಟ್ ಚೌಕಕ್ಕೆ ‘ಇಲ್ಲಿ ಫ್ಯಾಟ್ ನಮೂದಿಸಿ’ ಎಂದು ಬರೆದರೆ ಅದು ಸಹಾಯವಲ್ಲ, ಚೌಕದ ಹೆಸರನ್ನೇ ಇನ್ನೊಮ್ಮೆ ಹೇಳಿದಂತೆ. ಹೀಗೆ ಬರೆಯಿರಿ: ‘ಹಾಲಿನ ಕೊಬ್ಬಿನ ಶೇಕಡಾವಾರು ಪ್ರಮಾಣ. ಪರೀಕ್ಷೆ ಯಂತ್ರ ತೋರಿಸಿದ ಅಂಕಿಯನ್ನು ದಶಮಾಂಶ ಸಮೇತ ಹಾಕಿ, ಉದಾಹರಣೆಗೆ 4.1. ಇದು ಖಾಲಿಯಿದ್ದರೆ ದರ ಲೆಕ್ಕವಾಗುವುದಿಲ್ಲ.’ ಏನು, ಎಲ್ಲಿಂದ, ಬಿಟ್ಟರೆ ಏನಾಗುತ್ತದೆ ಎಂಬ ಮೂರೂ ಇದರಲ್ಲಿವೆ. ವಾಕ್ಯಗಳು ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಪರದೆಯ ಮೇಲೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫಾಂಟ್ ಬೇರೆ ಕೊಡಬೇಕಿಲ್ಲ. ವಿಂಡೋಸ್ 8ರಿಂದೀಚೆಗೆ ಕನ್ನಡ ತೋರಿಸಬಲ್ಲ ನಿರ್ಮಲಾ ಯುಐ ಜೊತೆಯಲ್ಲೇ ಬರುತ್ತದೆ.

ಈ ವಾಕ್ಯವನ್ನು ಇಡುವುದೆಲ್ಲಿ? ಪ್ರಾಪರ್ಟೀಸ್ ಕಿಟಕಿಯಲ್ಲಿ ಪ್ರತಿ ಚೌಕಕ್ಕೂ ‘ಆಕ್ಸೆಸಿಬಲ್ ಡಿಸ್ಕ್ರಿಪ್ಷನ್’ ಎಂಬ ಗುಣವಿದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದೃಷ್ಟಿದೋಷವುಳ್ಳವರು ಬಳಸುವ ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶಗಳು ಈ ಗುಣವನ್ನೇ ಓದಿ ಹೇಳುತ್ತವೆ. ಒಮ್ಮೆ ಬರೆದರೆ ಎರಡು ಕೆಲಸ.

ಇನ್ನು ಮೆನು. ಟೂಲ್‌ಬಾಕ್ಸ್‌ನಿಂದ ಒಂದು ‘ಕಾಂಟೆಕ್ಸ್ಟ್ ಮೆನು ಸ್ಟ್ರಿಪ್’, ಒಂದು ‘ಟೂಲ್‌ಟಿಪ್’ ಎಳೆದು ಫಾರ್ಮ್ ಮೇಲೆ ಬಿಡಿ. ಎರಡೂ ಕೆಳಗಿನ ಪಟ್ಟಿಯಲ್ಲಿ ಕೂರುತ್ತವೆ. ಹಳೆಯ ಪುಸ್ತಕಗಳಲ್ಲಿ ಕಾಣುವ ಬರೀ ‘ಕಾಂಟೆಕ್ಸ್ಟ್ ಮೆನು’ ಡಾಟ್‌ನೆಟ್ ಕೋರ್ 3.1ರಿಂದ ಇಲ್ಲ, ಅದರ ಹಿಂದೆ ಹೋಗಬೇಡಿ. ಮೆನುವಿಗೆ ‘ಇದೇನು?’ ಎಂಬ ಐಟಂ ಸೇರಿಸಿ. ಕಂಟ್ರೋಲ್ ಕೀ ಒತ್ತಿಹಿಡಿದು ಚೌಕಗಳನ್ನೆಲ್ಲ ಒಟ್ಟಿಗೆ ಆರಿಸಿ, ಅವುಗಳ ‘ಕಾಂಟೆಕ್ಸ್ಟ್ ಮೆನು ಸ್ಟ್ರಿಪ್’ ಗುಣದಲ್ಲಿ ಈ ಮೆನುವಿನ ಹೆಸರನ್ನು ಕೊಡಿ. ಫಾರ್ಮ್‌ಗೂ ಅದನ್ನೇ ಕೊಡಿ, ಕಾರಣ ಮುಂದೆ ಬರುತ್ತದೆ. ಇಡೀ ಪರದೆಗೆ ಒಂದೇ ಮೆನು ಸಾಕು.

ಮೆನುವಿನ ‘ಓಪನಿಂಗ್’ ಈವೆಂಟ್‌ನಲ್ಲಿ ‘ಸೋರ್ಸ್ ಕಂಟ್ರೋಲ್’ ಯಾವುದೆಂದು ನೋಡಿ, ಅದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಕ್ಲಿಕ್ ಆಗಿದ್ದು ಯಾವ ಚೌಕದ ಮೇಲೆ ಎಂದು ಗೊತ್ತಾಗುವುದು ಇದರಿಂದಲೇ. ಆ ಚೌಕಕ್ಕೆ ವಿವರಣೆಯೇ ಇಲ್ಲದಿದ್ದರೆ ‘ಇದೇನು?’ ಐಟಂ ಮರೆಮಾಡಿ. ‘ಇದೇನು?’ ಐಟಂನ ಕ್ಲಿಕ್ ಈವೆಂಟ್‌ನಲ್ಲಿ ಟೂಲ್‌ಟಿಪ್‌ನ ‘ಶೋ’ ಮೆಥಡ್ ಕರೆದು ನಾಲ್ಕು ಸಂಗತಿ ಕೊಡಿ: ವಿವರಣೆಯ ಪಠ್ಯ, ಚೌಕ, ಅದರ ಕೆಳಅಂಚಿಗೆ ಹೊಂದುವ ಸ್ಥಾನ, ಅವಧಿ. ಅವಧಿ ಮಿಲಿಸೆಕೆಂಡ್ ಲೆಕ್ಕದಲ್ಲಿರುತ್ತದೆ. ಮೂರು ವಾಕ್ಯ ನಿಧಾನವಾಗಿ ಓದಲು 10000 ಇರಲಿ. ಟೂಲ್‌ಟಿಪ್ ಉದ್ದನೆಯ ಸಾಲನ್ನು ತಾನಾಗಿ ಮುರಿಯುವುದಿಲ್ಲ. ಪೂರ್ಣವಿರಾಮದ ಜೊತೆ ಖಾಲಿ ಜಾಗ ಇರುವಲ್ಲೆಲ್ಲ ಹೊಸ ಸಾಲು ಬರುವಂತೆ ‘ರಿಪ್ಲೇಸ್’ ಮಾಡಿ. 4.1ರ ಚುಕ್ಕೆಯ ಮುಂದೆ ಖಾಲಿ ಜಾಗವಿಲ್ಲವಾದ್ದರಿಂದ ಅಂಕಿ ಒಡೆಯುವುದಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಿತು ಅನ್ನಿಸುತ್ತದೆ, ಮುಗಿದಿರುವುದಿಲ್ಲ. ಟೆಕ್ಸ್ಟ್‌ಬಾಕ್ಸ್‌ಗೆ ನಿಮ್ಮ ಮೆನು ಕೊಟ್ಟ ಕೂಡಲೇ ವಿಂಡೋಸ್‌ನ ಕಟ್, ಕಾಪಿ, ಪೇಸ್ಟ್ ಇದ್ದ ಮೂಲ ಮೆನು ಮಾಯವಾಗುತ್ತದೆ. ಅವನ್ನು ನೀವೇ ಸೇರಿಸಿ, ಟೆಕ್ಸ್ಟ್‌ಬಾಕ್ಸ್‌ನ ಅದೇ ಹೆಸರಿನ ಮೆಥಡ್‌ಗಳನ್ನು ಕರೆಯಬೇಕು. ಪೇಸ್ಟ್ ಕಳೆದುಕೊಂಡ ಬಳಕೆದಾರ ನಿಮ್ಮ ಸಹಾಯಕ್ಕೆ ಕೃತಜ್ಞನಾಗಿರುವುದಿಲ್ಲ!

ಇನ್ನೊಂದು ಸಿಕ್ಕು ಮಸುಕಾದ ಗುಂಡಿಯದು. ‘ಉಳಿಸಿ’ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಕೇಳುವುದು ಅದು ಮಸುಕಾಗಿದ್ದಾಗಲೇ. ಆದರೆ ನಿಷ್ಕ್ರಿಯ ಗುಂಡಿಗೆ ಮೌಸ್ ಸಂದೇಶ ತಲುಪುವುದಿಲ್ಲ, ಹಿಂದಿನ ಫಾರ್ಮ್‌ಗೆ ಹೋಗುತ್ತದೆ. ಫಾರ್ಮ್‌ಗೂ ಮೆನು ಕೊಡಿ ಎಂದದ್ದು ಇದಕ್ಕೇ. ಸೋರ್ಸ್ ಕಂಟ್ರೋಲ್ ಫಾರ್ಮ್ ಆಗಿದ್ದರೆ, ಮೌಸ್ ಇರುವ ಜಾಗವನ್ನು ‘ಪಾಯಿಂಟ್ ಟು ಕ್ಲೈಂಟ್’ನಿಂದ ಪರಿವರ್ತಿಸಿ ‘ಗೆಟ್ ಚೈಲ್ಡ್ ಅಟ್ ಪಾಯಿಂಟ್’ ಕೇಳಿ. ಅದು ನಿಷ್ಕ್ರಿಯ ಗುಂಡಿಯನ್ನೂ ಹುಡುಕಿಕೊಡುತ್ತದೆ. ಟೂಲ್‌ಟಿಪ್ ಅನ್ನು ಫಾರ್ಮ್ ಮೇಲೆ ತೋರಿಸಿ: ‘ಫ್ಯಾಟ್, ಎಸ್‌ಎನ್‌ಎಫ್ ಎರಡೂ ತುಂಬಿದ ಮೇಲೆ ಈ ಗುಂಡಿ ತೆರೆಯುತ್ತದೆ.’ ಗುಂಡಿ ಪ್ಯಾನೆಲ್ ಒಳಗಿದ್ದರೆ ಇದೇ ಉಪಚಾರ ಪ್ಯಾನೆಲ್‌ಗೆ.

ಹೆಚ್ಚು ವಿವರ ಬೇಕಾದವರಿಗಾಗಿ ಹಳೆಯ ಸಿಎಚ್‌ಎಂ ಸಹಾಯ ಕಡತ ಕಟ್ಟುವ ಆಸೆ ಬೇಡ. ಅದರ ಪರಿವಿಡಿ, ಸೂಚಿಗಳು ಯೂನಿಕೋಡ್‌ಗೆ ಮೊದಲಿನ ಅಕ್ಷರಪದ್ಧತಿಯವು, ಕನ್ನಡಕ್ಕೆ ಒಗ್ಗುವುದಿಲ್ಲ. ಮೆನುವಿನಲ್ಲಿ ‘ಇನ್ನಷ್ಟು’ ಎಂಬ ಐಟಂ ಇಟ್ಟು ಸಾಮಾನ್ಯ ಎಚ್‌ಟಿಎಂಎಲ್ ಪುಟವೊಂದನ್ನು ತೆರೆದರೆ ಆಯಿತು.

ಕೊಡುವ ಮುನ್ನ ಮೌಸ್ ಬದಿಗಿಟ್ಟು ಒಮ್ಮೆ ಪರೀಕ್ಷಿಸಿ. ಶಿಫ್ಟ್ ಜೊತೆ ಎಫ್10 ಒತ್ತಿದರೆ, ಟೈಪ್ ಮಾಡುತ್ತಿರುವ ಚೌಕಕ್ಕೆ ಅದೇ ಮೆನು ಬರಬೇಕು. ಮತ್ತೆ, ಎಲ್ಲ ಚೌಕಗಳಿಗೂ ವಿವರಣೆ ಬರೆಯುವ ಹಟ ಬೇಡ. ದಿನಾಂಕದ ಚೌಕಕ್ಕೆ ಸಹಾಯ ಯಾರಿಗೂ ಬೇಕಿಲ್ಲ. ಡೇರಿಯ ಕಾರ್ಯದರ್ಶಿ ಯಾವುದರ ಬಗ್ಗೆ ಹೆಚ್ಚು ಫೋನ್ ಮಾಡುತ್ತಾರೋ ಅಲ್ಲಿಂದ ಶುರು ಮಾಡಿ.