ಜಾಲಂಧ್ರದ ಹಿಂದೆ

ಈಜಿಪ್ಟಿನ ನಜೀಬ್ ಮಹ್ಫೂಜರು 1956–57ರಲ್ಲಿ ಪ್ರಕಟಿಸಿದ ಮೂರು ಕಾದಂಬರಿಗಳು ಕೈರೋ ನಗರದ ಒಂದೇ ವರ್ತಕ ಕುಟುಂಬದ ಕಥೆ. ‘ಬೈನ್ ಅಲ್-ಕಸ್ರೈನ್’, ‘ಕಸ್ರ್ ಅಲ್-ಶೌಕ್’, ‘ಅಲ್-ಸುಕ್ಕರಿಯಾ’ ಎಂಬ ಹೆಸರುಗಳು ಆ ಹಳೆಯ ಊರಿನ ಬೀದಿಗಳವೇ. ಇವುಗಳನ್ನು ಬಿಡಿಬಿಡಿಯಾಗಿ ಓದಬಹುದೆನ್ನುವವರುಂಟು. ಆದರೆ ಅಮೀನಾಳನ್ನು ಅರಿಯಬೇಕಾದರೆ ಮೊದಲಿನಿಂದಲೇ ಬರಬೇಕು. 1917ರಲ್ಲಿ ಕಥೆ ತೊಡಗುವಾಗ ಆಕೆ ನಡುರಾತ್ರಿ ಜಾಲಂಧ್ರದ ಹಿಂದೆ ನಿಂತು, ವಿಲಾಸಗೋಷ್ಠಿ ಮುಗಿಸಿ ಬರುವ ಪತಿಯ ದಾರಿ ಕಾಯುತ್ತಾಳೆ. ಒಮ್ಮೆ ಅಪ್ಪಣೆಯಿಲ್ಲದೆ ಮಸೀದಿಗೆ ಹೋದುದಕ್ಕಾಗಿ ಆತ ಆಕೆಯನ್ನು ತವರಿಗಟ್ಟುತ್ತಾನೆ. 1919ರ ಸ್ವಾತಂತ್ರ್ಯ ಚಳವಳಿಯಲ್ಲಿ ಮಗ ಫಹ್ಮಿ ಗುಂಡಿಗೆ ಬಲಿಯಾಗುತ್ತಾನೆ. ಕೊನೆಯ ಸಂಪುಟದಲ್ಲಿ ಅದೇ ಅಮೀನಾ ದಿನವೂ ಮಸೀದಿಗೆ ಹೋಗಿಬರುತ್ತಾಳೆ. ರೋಗದಿಂದ ಕುಗ್ಗಿದ ಪತಿ ಜಾಲಂಧ್ರದ ಹಿಂದೆ ಕುಳಿತು ಬೀದಿಯನ್ನು ನೋಡುತ್ತಾನೆ. ಈ ಸಂಪುಟವನ್ನೇ ಮೊದಲು ತೆರೆದವನಿಗೆ ಅಲ್ಲಿ ಕಾಣುವುದು ಕಿಟಕಿಯ ಬಳಿ ಕುಳಿತ ಒಬ್ಬ ಮುದುಕ ಮಾತ್ರ.