ಲಗ್ನದ ಸಾಲ, ಕಂತಿನ ಲೆಕ್ಕ

"ಮೇಡಂ, ನಾನು ಹಳೇ ಹುಬ್ಬಳ್ಳಿಯಾಕಿ. ಮನ್ಯಾಗ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತೇನಿ, ತಿಂಗಳಿಗೆ 11,000 ಬರ್ತೈತಿ. ಯಜಮಾನ್ರು ಅಮರಗೋಳ ಎಪಿಎಂಸ್ಯಾಗ ಹಮಾಲಿ, 13,000. ಎರಡು ಸಂಘದ ಕಂತು 8,700. ಒಂದರದು, 3,900, ದೀಪಾವಳಿಗೆ ಮುಗಿತೈತಿ. ಯುಗಾದಿ ಆದಮ್ಯಾಲ ಮಗಳ ಲಗ್ನ. ಫೈನಾನ್ಸಿನವ್ರು ಎರಡು ವರ್ಷಕ್ಕ ಒಂದು ಲಕ್ಷ ಕೊಡ್ತೀವಿ, ಬಡ್ಡಿ ಬರೇ ಶೇ 12 ಅಂತಾರ. ಅದಾಗದಿದ್ರ ನೂರಕ್ಕ ವಾರಕ್ಕ ಹತ್ತರಂಗ ಕೊಡಾಂವ ಒಬ್ಬ ಅದಾನ. ನಮ್ಮ ನೆಗೆಣ್ಣಿ, ನಿನ್ನ ಹೆಸರಿನಾಗ ನನಗೂ ಸಾಲ ಎತ್ತಿಕೊಡು ಅಂತಾಳ. ಏನ್ ಮಾಡ್ಲಿ?"

ಅಕ್ಕಾರ, ವಾರದ ಬಡ್ಡಿಯವನ ಮಾತು ಮೊದಲು ಮುಗಿಸೋಣ. ನೂರು ರೂಪಾಯಿಗೆ ವರ್ಷಕ್ಕೆ 520 ರೂಪಾಯಿ ಬಡ್ಡಿ. ಅಸಲು ಇದ್ದಲ್ಲೇ ಇರುತ್ತದೆ. ಎಂಥ ಅಡಚಣೆ ಬಂದರೂ ಅತ್ತ ಹೋಗಬೇಡಿ. ನೆಗೆಣ್ಣಿಗೂ ಇಂದೇ ಆಗುವುದಿಲ್ಲ ಎಂದುಬಿಡಿ. ಆಕೆ ಕಟ್ಟದಿದ್ದರೆ ವಸೂಲಿಯವರು ಬರುವುದು ನಿಮ್ಮ ಬಾಗಿಲಿಗೆ. ಮುನಿಸು ನಾಲ್ಕು ದಿನ ಇದ್ದು ಹೋಗುತ್ತದೆ.

ಇನ್ನು ಫೈನಾನ್ಸಿನ ಶೇ 12. ಅದು ಫ್ಲ್ಯಾಟ್ ಬಡ್ಡಿಯೇ ಎಂದು ಕೇಳಿ. ಹೌದಾದರೆ, ನೀವು ತಿಂಗಳು ತಿಂಗಳು ಅಸಲು ತೀರಿಸುತ್ತ ಬಂದರೂ ಬಡ್ಡಿ ಪೂರ್ತಿ ಒಂದು ಲಕ್ಷದ ಮೇಲೇ ಬೀಳುತ್ತದೆ. ಎರಡು ವರ್ಷಕ್ಕೆ 24,000 ಬಡ್ಡಿ, ಕಂತು ಸುಮಾರು 5,170. ಉಳಿದ ಅಸಲಿಗಷ್ಟೇ ಬಡ್ಡಿ ಎಂದು ಲೆಕ್ಕ ಹಾಕಿದರೆ ದರ ಶೇ 21 ದಾಟುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕಿನವರೂ ಫೈನಾನ್ಸಿನವರೂ ಶುಲ್ಕವೆಲ್ಲ ಸೇರಿದ ವಾರ್ಷಿಕ ದರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಲೇಬೇಕು. ಆ ಹಾಳೆ ಕನ್ನಡದಲ್ಲಿ ಕೈಗೆ ಬರುವ ತನಕ ಸಹಿ ಮಾಡಬೇಡಿ.

ಆದರೆ ಹಾಳೆ ಸರಿಯಿದ್ದರೂ ಈ ಸಾಲ ನಿಮಗೆ ಭಾರ. ಹಳೆಯ ಕಂತಿಗೆ ಇದು ಕೂಡಿದರೆ 13,870. ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಗೆ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಿಂದ ಕಿರುಸಾಲಕ್ಕೆ ನಿಯಮ ಮಾಡಿದೆ. ನಿಮಗದು 12,000. ನನ್ನನ್ನು ಕೇಳಿದರೆ ಅದೂ ಹೆಚ್ಚೇ. ಎಪಿಎಂಸಿಗೆ ಮಾಲು ಕಡಿಮೆ ಬರುವ ತಿಂಗಳಲ್ಲಿ ಹಮಾಲಿ 13,000 ಆಗುತ್ತದೆಯೇ? ಜೋಳದ ರೇಟು ಏರಿದರೆ ರೊಟ್ಟಿಯಲ್ಲಿ ಏನು ಉಳಿಯುತ್ತದೆ? ಆಗ ಈ ಕಂತು ಕಟ್ಟಲು ಮತ್ತೊಂದು ಸಂಘದ ಬಾಗಿಲು ತಟ್ಟಬೇಕಾಗುತ್ತದೆ. ನನಗೆ ಬರುವ ಪತ್ರಗಳಲ್ಲಿ ಮನೆಗಳು ಮುಳುಗಿದ್ದು ಬಹುತೇಕ ಹೀಗೆಯೇ.

ದೀಪಾವಳಿಗೆ ಒಂದು ಕಂತು ಮುಗಿದ ಮೇಲೆ ಆ 3,900 ಅನ್ನು ಪೋಸ್ಟ್ ಆಫೀಸಿಗೆ ಹಾಕುತ್ತ ಬನ್ನಿ. ಐದು ತಿಂಗಳಿಗೆ 19,500 ಆಗುತ್ತದೆ. ಕಡಿಮೆ ಬಿದ್ದಷ್ಟಕ್ಕೆ ಮಾತ್ರ, ನಿಮ್ಮ ಹತ್ತಿರ ಬೋರಮಾಳವೋ ಬಿಲ್ವಾರವೋ ಇದ್ದರೆ, ಬ್ಯಾಂಕಿನಲ್ಲಿ ಅಥವಾ ನಂಬಿಕೆಯ ಸಹಕಾರಿ ಸಂಘದಲ್ಲಿ ಅಡವಿಡಿ. ಬಡ್ಡಿ ತಪ್ಪಿಸಬೇಡಿ, ತಪ್ಪಿದರೆ ಹರಾಜು. ಪಕ್ಕದ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸಾಹುಕಾರನ ಮನೆಗೆ ಹೋಗುವ ಮೊದಲು ಸಹಕಾರ ಸಂಘದ ಮೆಟ್ಟಿಲು ಹತ್ತಿ.

ನೀವು ಈಗ ಕಂತು ಕಟ್ಟುತ್ತಿರುವ ಕಿರುಸಾಲದ ಸಂಘದವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬಂದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ. ಯಾರಾದರೂ ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ಬಂದ ರಾಜ್ಯದ ಕಿರುಸಾಲ ಕಾನೂನಿನಲ್ಲಿ ಸಾಲಗಾರರನ್ನು ಪೀಡಿಸುವವರಿಗೆ 10 ವರ್ಷದವರೆಗೆ ಜೈಲಿದೆ.

ಇವತ್ತು ರಾತ್ರಿ ಊಟವಾದ ಮೇಲೆ ಯಜಮಾನರ ಜೊತೆ ಮಗಳನ್ನೂ ಕೂಡಿಸಿಕೊಂಡು ಈ ಲೆಕ್ಕ ತೋರಿಸಿ. ಹಂದರ ಎಷ್ಟು ದೊಡ್ಡದಿರಬೇಕು, ಎಷ್ಟು ಜನರಿಗೆ ಊಟ ಹಾಕಿಸಬೇಕು ಎಂಬುದನ್ನು ಆಕೆಯೂ ಹೇಳಲಿ.